ಇಮಾತ್ರಾಕ್ಕ ಹೊಂಟ ಫಿಟ್ಟರ್

ನನಗ ಸಿಟ್ಟು ಭಾಳ, ಊರಿಗೆಲ್ಲಾ ಗೊತ್ತದ. ಆದರ ಇದೊಂದು ಸುದ್ದ್ಯಾಗ ಯಾರ ಮ್ಯಾಲೆ ಸಿಟ್ಟು ಮಾಡ್ಲಿ ಹೇಳ್ರಿ? ಕನ್ನಡಿ ಮುಂದ ನಿಂತು ಬೈಕೋಬೇಕು, ಅಷ್ಟ.

ನಾನು ಅಪ್ಪಾಸಾಹೇಬ. ಮುಂಬೈ ಕಡೆ ವಿಠ್ಠಲವಾಡಿ ಸ್ಟೇಷನ್ ಹಿಂದ ನಂದೊಂದು ಮೋಟರ್‌ಸೈಕಲ್ ಗ್ಯಾರೇಜು. ರಘುಪತಿ ಉಡುಪಿ ಕಡೆಯಾಂವ, ಲೋಕಲ್ ರೈಲು ರಿಪೇರಿ ಮಾಡೋ ಕಳವಾ ಕಾರ್‌ಶೆಡ್ಡಿನಾಗ ಫಿಟ್ಟರ್, ಪರ್ಮನೆಂಟ್ ನೌಕರಿ. ಸೂಟಿ ದಿನ ಮನ್ಯಾಗ ಕುಂಡ್ರೂದು ಬಿಟ್ಟು ನನ್ನ ಗ್ಯಾರೇಜಿಗೆ ಬಂದು ಕೈ ಕರಿ ಮಾಡ್ಕೋತಿದ್ದ. ಏನು ಕೈ ಅಂತೀರಿ! ಕೆಮ್ಮೋ ಇಂಜಿನ್ನಿಗೆ ಕಿವಿ ಕೊಟ್ಟು, "ಕಾರ್ಬ್ಯುರೇಟರ್ ಅಲ್ಲ ಮಾರಾಯ, ಪಾಯಿಂಟ್ ಹೋಗಿದೆ" ಅಂದನಂದ್ರ ಮುಗೀತು.

ಅವನ ತಲಿ ತುಂಬ ಒಂದ ಹುಚ್ಚು, ಮೋಟರ್‌ಸೈಕಲ್ ವಿಶ್ವ ಚಾಂಪಿಯನ್‌ಶಿಪ್. ನಾವು ಕಳವಾ, ಮುಂಬ್ರಾ, ದಿವಾ ಅಂತ ಸ್ಟೇಷನ್ ಹೆಸರು ಹೇಳಿದಂಗ ಅಂವ ಆಸೆನ್, ಸ್ಪಾ, ಇಮಾತ್ರಾ, ಸಿಲ್ವರ್‌ಸ್ಟೋನ್ ಅಂತ ರೇಸಿನ ಊರು ಹೇಳ್ತಿದ್ದ. ಅದರಾಗೂ ಫಿನ್‌ಲ್ಯಾಂಡಿನ ಇಮಾತ್ರಾ ಅಂದ್ರ ಜೀವಾ ಬಿಡ್ತಿದ್ದ. ಅಲ್ಲಿ ರೇಸಿನ ಹಾದಿ ರೈಲು ಹಳಿ ದಾಟತದಂತ. "ರೈಲಿನ ಕೆಲಸ ನಂಗೆ ಗೊತ್ತುಂಟು, ಇಂಜಿನ್ ಕೆಲಸ ಗೊತ್ತುಂಟು. ಅಲ್ಲಿಗೆ ಹೋಗ್ಲಿಕ್ಕೆ ಮತ್ತೆಂತ ಬೇಕು?" ಅಂತಿದ್ದ.

ಈ ಹುಚ್ಚಿಗೆ ಮೇವು ಹಾಕಿದಾಂವ ನಾನ. ಉಲ್ಹಾಸನಗರದ ರದ್ದಿ ಅಂಗಡಿಯಿಂದ ಫಾರಿನ್ ರೇಸಿಂಗ್ ಪತ್ರಿಕೆ ಕಿಲೋ ಲೆಕ್ಕದಾಗ ತರ್ತಿದ್ದೆ. ಜೂನಿನಾಗ ಸಾಲಿ ಸುರು ಆದ ಕೂಡ್ಲೆ ಅವುಗಳ ಹೊಳಿಯೋ ಮುಖಪುಟ ನಾ ಕಿತ್ತು ಕೊಟ್ರ ನನ್ನ ಹೆಂಡತಿ ಈರವ್ವ ಹುಡುಗೂರ ನೋಟ್‌ಬುಕ್ಕಿಗೆ ಕವರ್ ಹಾಕಾಕಿ. ನಮ್ಮ ಚಾಳಿನಾಗ ಎಲ್ಲಾರ ಮನ್ಯಾಗೂ ಹಂಗ. ಒಳಗಿನ ಪುಟ ರಘುಪತಿಗೆ ಹೋಗ್ತಿದ್ದವು.

೧೯೮೩ರ ಜೂನಿನಾಗ ಅಂಥ ಪುಟದೊಳಗ ಅವಗ ಒಂದು ಜಾಹೀರಾತು ಸಿಕ್ತು. ಇಮಾತ್ರಾದ ಒಂದು ಸಣ್ಣ ರೇಸ್ ತಂಡಕ್ಕ ಮುಂದಿನ ಸೀಜನ್ನಿಗೆ ಮೆಕ್ಯಾನಿಕ್ ಬೇಕು, ಯಾವ ದೇಶದವರಾದರೂ ನಡೀತದ. ಅರ್ಜಿ ಬರದ. ಉತ್ತರ ಬರೂ ತನಕ ತಡಿಯೋ ಅಂದ್ರ ಕೇಳಬೇಕಲ್ಲ! ಸರ್ಕಾರಿ ನೌಕರದಾರಗ ಪಾಸ್‌ಪೋರ್ಟ್ ಬೇಕಂದ್ರ ಮ್ಯಾಲಿನವರ ಒಪ್ಪಿಗಿ ಪತ್ರ ಬೇಕು. "ರಾಜೀನಾಮೆ ಕೊಟ್ರೆ ಯಾರ ಒಪ್ಪಿಗೆಯೂ ಬೇಡ" ಅಂದ. ಅವನ ಹೆಂಡತಿ ವಾರಿಜಾ ಅತ್ತು ಕರದು ಮಾಡಿದ್ಲು. ಸೋಮವಾರ ರಾಜೀನಾಮೆ ಕೊಡೋದಂತ ನಿಕ್ಕಿ ಆತು.

ಅದರ ಹಿಂದಿನ ದಿನ ಮುಂಜಾನೆ ನನ್ನ ಮಗಳು ಅಭ್ಯಾಸ ಮಾಡ್ಕೋತ ಕುಂತಿದ್ಲು. ಅಕಿ ನೋಟ್‌ಬುಕ್ಕಿಗೆ ಆ ಜಾಹೀರಾತು ಇದ್ದ ಪತ್ರಿಕೆಯದ ಮುಖಪುಟ, ನಾನ ಕಿತ್ತು ಕೊಟ್ಟಿದ್ದು. ಮೂಲ್ಯಾಗ ಸಣ್ಣ ಅಕ್ಷರದಾಗ ಜುಲೈ ೧೯೭೮ ಅಂತಿತ್ತು. ಐದು ವರ್ಷದ ಹಳೇ ಜಾಹೀರಾತು!

ಕಳವಾದಾಗ ರಘುಪತಿ ಮನಿಗೆ ಓಡಬೇಕಂತ ಚಪ್ಪಲಿ ಮೆಟ್ಟಿದೆ. ಬಾಗಲದಾಗ ನಿಂತುಬಿಟ್ಟೆ. ಗ್ಯಾರೇಜಿನಾಗ ಕೈತುಂಬ ಕೆಲಸ, ಅಂಥ ಕೈ ನನಗ ಇನ್ನೆಲ್ಲಿ ಸಿಗಬೇಕು? ನೌಕರಿ ಬಿಡ್ತಾನ, ಫಾರಿನ್ನೂ ಆಗೂದಿಲ್ಲ, ಆಮ್ಯಾಲೆ ಎಲ್ಲಿಗೆ ಹೋದಾನು? ನನ್ನ ಹಂತೇಕನ ಬರ್ತಾನ. ಚಪ್ಪಲಿ ಬಿಟ್ಟು ಒಳಗ ಬಂದು ಚಾ ಕುಡದೆ. ಥೂ, ನನ್ನ ಜನ್ಮಕ್ಕಿಷ್ಟು!

ಸೋಮವಾರ ಅಂವ ರಾಜೀನಾಮೆ ಕೊಟ್ಟೇಬಿಟ್ಟ. ದೀಪಾವಳಿ ಮುಂದ ತಂಡದ ಹಳೇ ಮಾಲಕನ ಉತ್ತರ ಬಂತು. ತಂಡ ಮುಚ್ಚಿ ಮೂರು ವರ್ಷ ಆಗಿತ್ತು. ಇಮಾತ್ರಾದಾಗ ಚಾಂಪಿಯನ್‌ಶಿಪ್ ರೇಸೂ ಹೋದ ವರ್ಷದ್ದ ಕಡೀದು. ರಘುಪತಿ ಶೆಡ್ಡಿಗೆ ಹೋಗಿ ಕೈ ಮುಗದ. ತಾನಾಗೇ ಬಿಟ್ಟ ನೌಕರಿ ತಿರುಗಿ ಯಾರು ಕೊಡ್ತಾರ್ರೀ?

ಮರುದಿನ ಗ್ಯಾರೇಜಿಗೆ ಬಂದ. ಗಡ್ಡ ಬಿಟ್ಟಿದ್ದ, ಅರ್ಧ ಆಗಿದ್ದ.

"ನಮ್ಮಿಬ್ರಿಗೂ ಗೊತ್ತಾಗ್ಲಿಲ್ಲ ಅಲ್ವಾ ಮಾರಾಯ," ಅಂದ. "ಗೊತ್ತಿದ್ರೆ ನೀನು ನನ್ನ ಬಿಡ್ತಿರ್ಲಿಲ್ಲ."

"ಬಿಡ್ತಿದ್ದಿಲ್ಲ," ಅಂದೆ.

"ನಿನ್ನ ಹತ್ರ ಕೆಲಸ ಉಂಟಾ?"

"ನಾಳಿಂದ ಬಾ," ಅಂದೆ.

ಅಂವ ನನ್ನ ಎರಡೂ ಕೈ ಹಿಡದು ಕಣ್ಣಿಗೆ ಒತ್ಕೊಂಡ.