ಸೋದರಮಾವನ ವಿಮಾನ

ವಿಮಾನದ ವೇಗ ಕೆಂಪಣ್ಣನ ತಲೆಗೇರಿದ್ದೇ ಎಲ್ಲಕ್ಕೂ ಮೂಲ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಮ್ಮ ಹಳೇಕೋಟೆಯಲ್ಲಿ ಅವನ ಮಗಳು ಪುಟ್ಟತಾಯಿಯ ಮದುವೆ ಗೊತ್ತಾಯಿತು. ಹೆಂಡತಿ ಲಕ್ಕಮ್ಮನ ತಮ್ಮ ಚನ್ನಪ್ಪ ದಿಲ್ಲಿಯಲ್ಲಿ ಮಿಲಿಟರಿ ವಿಮಾನಗಳ ರಿಪೇರಿ ಕೆಲಸದಲ್ಲಿದ್ದ. ವಾರ ಮೊದಲೇ ರೈಲು ಹತ್ತುತ್ತೇನೆಂದು ಅವನು ಬರೆದರೆ, ಕೆಂಪಣ್ಣ ಬೇಡವೆಂದು ತಂತಿ ಕೊಟ್ಟ. ವಿಮಾನದಲ್ಲೇ ಬಾ, ಮುನ್ನಾದಿನ ಹೊರಟರೆ ಸಾಕು!

"ದಿಲ್ಲಿಯಿಂದ ಬೆಂಗಳೂರು ಸಾವಿರ ಮೈಲಿ ಕಣ್ರಲಾ. ಬೆಳಿಗ್ಗೆ ಇಮಾನ ಅತ್ತಿದ್ರೆ ಸಂಜೆಗೆ ಇಳೀತಾನೆ. ನನ್ನ ಬಾಮೈದ ಮೋಡದ ಮ್ಯಾಲಿಂದ ಬತ್ತಾನೆ," ಎಂದು ಬೀಗರ ಮುಂದೆ, ಸಂತೆಯಲ್ಲಿ, ಕ್ಷೌರಕ್ಕೆ ಕೂತಲ್ಲಿ, ಎಲ್ಲ ಕಡೆ ಹೇಳಿದ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸುವ ಆಸಾಮಿ ಅವನು.

"ಬೆಂಗಳೂರಿಂದ ಇಲ್ಲೀಗಂಟ?" ಎಂದು ಲಕ್ಕಮ್ಮ ಕೇಳಿದಳು.

"ಸಾವಿರ ಮೈಲಿ ಆರಿದೋನ್ಗೆ ನೂರು ಮೈಲಿ ಒಂದು ಲೆಕ್ಕವಾ?"

ತಾಯಿ ಸತ್ತ ಮೇಲೆ ಚನ್ನಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಲಕ್ಕಮ್ಮನೇ. ತವರಲ್ಲಿ ಒಡಹುಟ್ಟಿದವನು ಅಂತ ಅವಳಿಗೆ ಉಳಿದಿದ್ದೂ ಅವನೊಬ್ಬನೇ. ಮದುವಣಗಿತ್ತಿಯನ್ನು ಎತ್ತಿಕೊಂಡು ಹಸೆಗೆ ತರುವುದು ಸೋದರಮಾವನ ಹಕ್ಕು. ಅವನಿಲ್ಲದೆ ಮಗಳು ಹಸೆಗೆ ಹೋದರೆ ತನಗೆ ತವರೇ ಇಲ್ಲವೆಂದು ಊರೆದುರು ಸಾರಿದ ಹಾಗೆ ಎಂದು ಅವಳ ಸಂಕಟ.

ಮದುವೆಯ ಬೆಳಿಗ್ಗೆಯಾದರೂ ಚನ್ನಪ್ಪನ ಸುಳಿವಿಲ್ಲ. ಲಕ್ಕಮ್ಮ ಒಲೆಯಿಂದ ರಸ್ತೆಗೆ, ರಸ್ತೆಯಿಂದ ಚಪ್ಪರಕ್ಕೆ ಅಲೆದಳು. ಯಾರು ಮಾತಾಡಿಸಿದರೂ ಕಿವಿಗೆ ಬೀಳಲಿಲ್ಲ. ಕೆಂಪಣ್ಣ ಮಾತ್ರ ಆಕಾಶ ನೋಡುತ್ತಿದ್ದ, ವಿಮಾನ ಅವನ ರಾಗಿ ಹೊಲಕ್ಕೇ ಇಳಿಯುತ್ತದೆ ಅನ್ನೋ ಹಾಗೆ!

"ಮೂರ್ತ ಮೀರ್ತದೆ," ಅಂದರು ಬೀಗರು. ಲಕ್ಕಮ್ಮನ ದೊಡ್ಡಪ್ಪನ ಮಗ ಗುಂಡಯ್ಯ ಆಗಲೇ ಪಂಚೆ ಎತ್ತಿಕಟ್ಟಿ ನಿಂತಿದ್ದ.

"ಇನ್ನೊಂದು ಗಳಿಗೆ ಸಾಮಿ, ಒಂದೇ ಗಳಿಗೆ," ಎಂದು ಲಕ್ಕಮ್ಮ ಪುರೋಹಿತರಿಗೆ ಕೈಮುಗಿದಳು. ಗಳಿಗೆ ಯಾರ ಮಾತು ಕೇಳುತ್ತದೆ? ಗುಂಡಯ್ಯ ಹೆಣ್ಣನ್ನು ಎತ್ತಿ ತಂದ, ತಾಳಿ ಕಟ್ಟಿದ್ದಾಯಿತು. ಲಕ್ಕಮ್ಮ ಕಂಬಕ್ಕೊರಗಿ ರಸ್ತೆ ನೋಡುತ್ತಲೇ ಇದ್ದಳು. ಚಪ್ಪರದಲ್ಲೇ ಕೂತಿದ್ದ ನನಗೆ ಕೆಂಪಣ್ಣನ ಮೇಲೆ ಮೈಯೆಲ್ಲ ಉರಿದುಹೋಯಿತು.

ಊಟಕ್ಕೆ ಎಲೆ ಹಾಕುವಾಗ ಚನ್ನಪ್ಪ ಬಂದ. ಮುಖ, ಅಂಗಿ, ಕೈ ಎಲ್ಲ ಮಸಿ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿ ಓಡುತ್ತಿದ್ದ ಕಾಲ ಅದು.

"ನೆನ್ನೆ ಸಂಜೇಗೇ ಬೆಂಗಳೂರ್ಗೆ ಬಂದ್ಬುಟ್ಟೆ ಕಣಕ್ಕ. ಆಮೇಲೆ ಇದ್ದಿಲು ಬಸ್ಸು ಚನ್ನರಾಯಪಟ್ಟಣದ ಏರಲ್ಲಿ ಕೂತ್ಬುಡ್ತು. ತಳ್ಳಿದ್ದೇ ತಳ್ಳಿದ್ದು. ಒಳೆನರಸೀಪುರದಿಂದ ನಡ್ಕೊಂಡೇ ಬಂದೆ."

ಲಕ್ಕಮ್ಮ ಗಂಡನ ಕಡೆ ತಿರುಗಿ, "ನಿಮ್ಮ ಇಮಾನ ಬಂತು, ಆರ್ತಿ ಎತ್ತಿ," ಅಂದಳು. ಕೆಂಪಣ್ಣ ಎಲೆ ಹಾಕುವ ನೆಪದಲ್ಲಿ ಪಂಕ್ತಿಯ ಕೊನೆಗೆ ಜಾರಿಕೊಂಡ.

ಅಷ್ಟರಲ್ಲಿ ಪುಟ್ಟತಾಯಿ ಗಂಡನ ಪಕ್ಕದಿಂದ ಎದ್ದಳು. ಸೆರಗಿನ ಗಂಟು ಬಿಚ್ಚಬಾರದೆಂದು ಆ ಹುಡುಗ ತನ್ನ ಶಲ್ಯವನ್ನೇ ತೆಗೆದುಕೊಟ್ಟ. ಅವಳು ನಡುಮನೆಗೆ ಹೋಗಿ, ಹಸೆಗೆ ಎತ್ತಿ ತರುವ ಮೊದಲು ಕೂತಿದ್ದ ಮಣೆಯ ಮೇಲೆ ಮತ್ತೆ ಕೂತಳು.

"ಬಾ ಮಾವ, ಎತ್ಕೊ."

"ಆಗೋದ ಮದ್ವೇಗೆ ಇದೇನವ್ವ?" ಅಂದರು ಬೀಗರು.

"ನಮ್ಮವ್ವನ ಪಾಲ್ಗೆ ಈ ಮದ್ವೆ ಇನ್ನೂ ಆಗಿಲ್ಲ ಮಾವಯ್ಯ."

ಚನ್ನಪ್ಪ ಕೈ ತೊಳೆಯಲು ಹೊರಟ. "ಬ್ಯಾಡ ಕಣ್ಲಾ, ಅಂಗೇ ಎತ್ತು," ಎಂದು ಲಕ್ಕಮ್ಮ ತಡೆದಳು. ಮಸಿಗೈಯಲ್ಲೇ ಅವನು ಧಾರೆ ಸೀರೆಯ ಹುಡುಗಿಯನ್ನು ಎತ್ತಿಕೊಂಡು ಚಪ್ಪರಕ್ಕೆ ಬಂದ. ಲಕ್ಕಮ್ಮ ಗಟ್ಟಿಯಾಗಿ ಅಳುತ್ತಾ ಇಬ್ಬರ ಮೇಲೂ ಅಕ್ಷತೆ ಹಾಕಿದಳು.