ಖಾರ ಹತ್ತದ ಮೆಣಸು

"ಅಯ್ಯಯ್ಯೋ!" ಎಂದು ಭಾಗೀರಥಿ ಒಣ ಎಲೆಯ ದರಗಿನೊಳಗಿಂದ ಕೈ ಎಳೆದುಕೊಂಡರು. ಹಿತ್ತಲಲ್ಲಿ ಬಸಳೆ ಬುಡದ ಕಳೆ ಕಿತ್ತು, ಕೊಳೆತ ಎಲೆ ಸರಿಸಿ, ಬುಡ ಒಣಗದಂತೆ ಹೊಸ ಒಣಗೆಲೆ ಮುಚ್ಚುತ್ತಿದ್ದರು. ಎಲೆಯಡಿ ಏನೋ ಸರಕ್ಕೆಂದಿತ್ತು. ತೋರುಬೆರಳ ತುದಿಯಲ್ಲಿ ಒಂದು ಹನಿ ರಕ್ತ.

ಮೆಟ್ಟಿಲ ಮೇಲೆ ಕೂತಿದ್ದ ಸೊಸೆ ಅಮೂಲ್ಯಾ ಓಡಿ ಬಂದಳು. ಕಡೂರು ಪೇಟೆಯ ಹುಡುಗಿ. ಮದುವೆಯಾದ ಹೊಸದರಲ್ಲಿ ಕಳೆಯೆಂದು ತಂಬುಳಿಯ ಒಂದೆಲಗವನ್ನೆಲ್ಲ ಕಿತ್ತೆಸೆದಿದ್ದಳು. ಅಂದಿನಿಂದ ಹಿತ್ತಲಲ್ಲಿ ಅವಳಿಗೆ ನೋಡುವ ಕೆಲಸ ಮಾತ್ರ. ಆ ಕಥೆಯನ್ನು ಭಾಗೀರಥಿ ಬಣಕಲ್ ಊರಿನಲ್ಲಿ ಯಾರಿಗೆ ಹೇಳಿಲ್ಲ ಎಂದು ಕೇಳಬೇಕು.

"ಹಾವಾ ಅತ್ತೆ?"

"ಕಾಣ್ಲಿಲ್ವೇ. ಒಂದು ಜೀರಿಗೆ ಮೆಣಸು ತಾ. ಖಾರ ಹತ್ತಿದ್ರೆ ವಿಷ ಏರಿಲ್ಲ ಅಂತ."

ಮನೆಯ ಗಂಡಸರು ಕಳಸಕ್ಕೆ ಮದುವೆಗೆ ಹೋಗಿದ್ದರು. ಅಮೂಲ್ಯಾ ಪಕ್ಕದ ಮನೆಯ ಜಯದೇವಪ್ಪನವರಿಗೆ ಜೀಪು ತರುವಂತೆ ಬೇಲಿಯಾಚೆಗೆ ಕೂಗಿದಳು. ಬಾವಿ ಹತ್ತಿರದ ಮೆಣಸಿನ ಗಿಡದಿಂದ ಕೈಗೆ ಸಿಕ್ಕಿದ ಎರಡು ಎಳೆ ಕಾಯಿ ಕಿತ್ತು ತಂದು, ಕಣ್ಣು ಮುಚ್ಚಿ ಸುಬ್ರಹ್ಮಣ್ಯನನ್ನು ನೆನೆಯುತ್ತಿದ್ದ ಅತ್ತೆಯ ಬಾಯಿಗೆ ಒಂದನ್ನು ಹಾಕಿದಳು.

ಭಾಗೀರಥಿ ಅಗಿದರು. ಮತ್ತೆ ಅಗಿದರು. ಮುಖ ಬಿಳಿಚಿಕೊಂಡಿತು.

"ಖಾರವೇ ಇಲ್ವಲ್ಲೇ..."

ಅಮೂಲ್ಯಾಳ ಜೀವ ಬಾಯಿಗೆ ಬಂತು. ಈ ಅತ್ತೆಯ ಬಾಯಿ ಸಾಕಪ್ಪಾ ಸಾಕು ಎಂದು ಎಷ್ಟೋ ಸಲ ಅಂದುಕೊಂಡವಳಿಗೆ, ಈಗ ಆ ಬಾಯಿ ನಿಂತುಹೋದರೆ ಎಂದು ಅಳುವೇ ಬಂತು. ಜಯದೇವಪ್ಪ ತಂದ ಜೀಪು ಹತ್ತಿಸುವಾಗ ಭಾಗೀರಥಿ ಅವಳ ಕೈ ಬಿಡಲಿಲ್ಲ.

"ಹಿತ್ತಲು ಇನ್ನು ನಿಂದೇ ಕಣೇ. ದರಗು ತೆಳ್ಳಗೆ ಹಾಕ್ಬೇಡ, ಬೇಸಿಗೇಲಿ ಬುಡ ಒಣಗ್ತದೆ. ಒಂದೆಲಗ ಮಾತ್ರ ಕೀಳ್ಬೇಡ ಮಾರಾಯ್ತಿ."

ಸೊಸೆಯೂ ಪಕ್ಕದಲ್ಲಿ ಕೂತ ಮೇಲೆ ಜೀಪು ಹೊರಟಿತು. ಉಳಿದ ಕಾಯಿ ಅಮೂಲ್ಯಾಳ ಮುಷ್ಟಿಯಲ್ಲೇ ಇತ್ತು. ಏನೋ ಹೊಳೆದು ಕಚ್ಚಿ ನೋಡಿದಳು. ಎಳೆ ಸೌತೆಕಾಯಿ ತಿಂದ ಹಾಗಾಯಿತು.

"ಅತ್ತೆ, ಇದು ನಂಗೂ ಖಾರ ಇಲ್ಲ!"

ಭಾಗೀರಥಿ ಕಣ್ಣು ಬಿಟ್ಟು ನೋಡಿದರು. "ಬಾವಿ ಹತ್ರದ್ದಾ? ಅದು ಬಜ್ಜಿ ಮೆಣಸಲ್ವೇ! ನನ್ನ ಜೀವ ತೆಗೆದ್ಯಲ್ಲೇ!"

ಜಯದೇವಪ್ಪ ನಗು ತಡೆಯಲು ಕೆಮ್ಮಿದರು. "ಆದ್ರೂ ಮೂಡಿಗೆರೆ ಆಸ್ಪತ್ರೆಗೆ ಹೋಗೋದೇ ಸರಿ ಭಾಗೀರಥಮ್ಮ. ಹಾವು ಕಚ್ಚಿದ್ಯೋ ಇಲ್ವೋ ಮೆಣಸಿಗೇನು ಗೊತ್ತು?"

ಊದುತ್ತಿದೆಯೋ ಇಲ್ಲವೋ ಎಂದು ಅಮೂಲ್ಯಾ ದಾರಿಯುದ್ದಕ್ಕೂ ಆ ಬೆರಳನ್ನೇ ನೋಡುತ್ತಿದ್ದಳು.

ಡಾಕ್ಟರು ಸಂಜೆಯವರೆಗೆ ಅಲ್ಲೇ ಕೂರಿಸಿಕೊಂಡರು. ಊತ ಏರಲಿಲ್ಲ. ಕೊನೆಗೆ ಬೆರಳಿನಿಂದ ಒಂದು ನಾಚಿಕೆಮುಳ್ಳು ತೆಗೆದು ತೋರಿಸಿ ಮನೆಗೆ ಕಳಿಸಿದರು.

ಮರುದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡ ಭಾಗೀರಥಿ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಅಮೂಲ್ಯಾ ಕೋಲಿನಿಂದ ದರಗು ಕೆದಕಿ ನೋಡಿ ಕಳೆ ಕೀಳತೊಡಗಿದಳು. ಮತ್ತೆ ಚಿಗುರಿದ್ದ ಒಂದೆಲಗದ ಬಳಿ ಅವಳ ಕೈ ನಿಂತಿತು. ಭಾಗೀರಥಿ ಬಾಯಿ ತೆರೆದವರು ಸೆರಗನ್ನು ತುಟಿಗೆ ಒತ್ತಿಕೊಂಡರು. ಕೈ ಅದನ್ನು ಬಿಟ್ಟು, ಪಕ್ಕದ ನಾಚಿಕೆಮುಳ್ಳಿನ ಗಿಡದತ್ತ ಸರಿಯಿತು.