ಮೇಷ್ಟ್ರ ಮುಂದಿನ ಹಲ್ಲು

ಮೇಷ್ಟ್ರ ಹಲ್ಲು ಕಿತ್ತವಳು ಅವರ ಶಿಷ್ಯೆಯೇ. ಊರಿನ ಜಾಝ್ ಬಳಗದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳ ಎದುರಿಗೆ ಮಾತ್ರ ಯಾರೂ ಆಡುತ್ತಿರಲಿಲ್ಲ.

ಅವಳು ದಂತವೈದ್ಯೆ. ಹಗಲೆಲ್ಲ ಜನರ ಬಾಯೊಳಗೆ ದೀಪ ಹಿಡಿದು ನೋಡುವುದು, ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕಿ ಟ್ರಾಂಬೋನ್ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೊರಡುವುದು. ಬಳಗದವರು ಅವಳಿಗೆ ಇಟ್ಟಿದ್ದ ಹೆಸರು ಹಲ್ಲಕ್ಕ. ‘ಹಲ್ಲಕ್ಕ ಬಂದ್ಲು, ಬಾಯಿ ಮುಚ್ಕೊಳ್ರಪ್ಪಾ’ ಎಂದು ತಮಾಷೆ ಮಾಡುತ್ತಿದ್ದರು. ಮೇಷ್ಟ್ರ ಹಲ್ಲು ಹೋದಮೇಲೆ ಆ ಹೆಸರು ಯಾರ ನಾಲಿಗೆಯ ಮೇಲೂ ಸಲೀಸಾಗಿ ಹೊರಳಲಿಲ್ಲ.

ಟ್ರಾಂಬೋನಿಗೆ ಒತ್ತುವ ಗುಂಡಿಗಳಿಲ್ಲ. ತುಟಿಯನ್ನು ಪುಟ್ಟ ಬಟ್ಟಲಿನಂಥ ಹಿತ್ತಾಳೆಯ ಬಾಯಿಗೆ ಒತ್ತಿ ಊದುತ್ತ, ಬಲಗೈಯಿಂದ ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಸ್ವರ ಹುಡುಕಬೇಕು. ಆ ಒತ್ತಡವನ್ನೆಲ್ಲ ತುಟಿಯ ಹಿಂದೆ ನಿಂತು ತಡೆಯುವುದು ಮುಂದಿನ ಹಲ್ಲುಗಳು. ಮೇಷ್ಟ್ರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಊದಿದ್ದರು. ಸ್ವರವನ್ನು ಕೆಳಗಿನಿಂದ ಜಾರಿಸಿ ತಂದು, ಮುಟ್ಟುವ ಹೊತ್ತಿಗೆ ಸಣ್ಣಗೆ ನಕ್ಕಂತೆ ನಡುಗಿಸುವುದು ಅವರ ಧಾಟಿ. ಈ ಊರಿನಲ್ಲಿ ಟ್ರಾಂಬೋನ್ ಹಿಡಿದವರಲ್ಲಿ ಆ ಧಾಟಿಯ ಸೋಂಕು ತಗಲದವರಿರಲಿಲ್ಲ.

ಎರಡು ವರ್ಷದ ಹಿಂದೆ ಅವರು ಮೇಲ್ತುಟಿ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದಿದ್ದರು. ಜೊತೆಗೆ ಹೆಂಡತಿ. ಮುಂದಿನ ಒಂದು ಹಲ್ಲಿನ ಬೇರು ಪೂರಾ ಕೆಟ್ಟು ಕೀವು ತುಂಬಿತ್ತು.

“ಕೀವು ತೆಗೆದು ಔಷಧಿ ಕೊಟ್ರೆ ಒಂದಾರು ತಿಂಗಳು ತಳ್ಳಬಹುದು ಮೇಷ್ಟ್ರೇ. ಆದ್ರೆ ಉಳಿಯೋ ಹಲ್ಲಲ್ಲ ಇದು. ಪಕ್ಕದ್ದಕ್ಕೂ ಹಬ್ಬುತ್ತೆ” ಎಂದಿದ್ದಳು.

“ನಿನ್ನ ಹಲ್ಲಾಗಿದ್ರೆ ಏನು ಮಾಡ್ತಿದ್ದೆ?”

“ತೆಗೆಸ್ತಿದ್ದೆ.”

“ಹಾಗಾದ್ರೆ ತೆಗಿ” ಎಂದು ಮೇಷ್ಟ್ರು ಬಾಯಿ ತೆರೆದರು.

ಆಮೇಲೆ ಕೂರಿಸಿದ ಕೃತಕ ಹಲ್ಲು ನೋಡಲು ಅಸಲಿಯಂತೆಯೇ ಇತ್ತು. ತಿನ್ನಲು ಬರುತ್ತಿತ್ತು, ನಗಲು ಬರುತ್ತಿತ್ತು. ಊದಲು ಹೋದರೆ ಮಾತ್ರ ತುಟಿಗೆ ತನ್ನ ಜಾಗವೇ ಮರೆತುಹೋದಂತಾಗಿ ಸ್ವರ ಒಡೆಯುತ್ತಿತ್ತು. ಕೆಲವು ತಿಂಗಳು ಹೆಣಗಾಡಿ ಮೇಷ್ಟ್ರು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಅವಳ ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಅವಳು ಆ ಹಲ್ಲಿನ ಎಕ್ಸ್‌ರೇಯನ್ನು ಎಷ್ಟೋ ಸಲ ತೆಗೆದು ನೋಡಿದ್ದಳು. ಪ್ರತಿ ಸಲವೂ ತಾನು ಮಾಡಿದ್ದು ಸರಿ ಎಂದೇ ಕಾಣುತ್ತಿತ್ತು. ಅದರಿಂದ ಎಳ್ಳಷ್ಟೂ ಸಮಾಧಾನವಾಗುತ್ತಿರಲಿಲ್ಲ.

ಮೇಷ್ಟ್ರ ಗೌರವಕ್ಕೆ ಕಛೇರಿ ಮಾಡಬೇಕೆಂದು ಹೊರಟವನು ಅವರ ಹಿರಿಯ ಶಿಷ್ಯ. ಲಿಫ್ಟ್ ರಿಪೇರಿ ಅವನ ಕಸುಬು. ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು. ಎಂಟು ಟ್ರಾಂಬೋನು, ಜೊತೆಗೆ ಒಂದು ಡ್ರಮ್ಮು, ಒಂದು ಬೇಸ್. ಪೀಠೋಪಕರಣದ ಅಂಗಡಿಯೊಂದರ ಮಹಡಿಯಲ್ಲಿ, ಪ್ಲಾಸ್ಟಿಕ್ ಹೊದ್ದ ಸೋಫಾಗಳ ನಡುವೆ ಅಭ್ಯಾಸ. ಕೊನೆಗೆ ನುಡಿಸಬೇಕಾದದ್ದು ಮೇಷ್ಟ್ರೇ ಕಟ್ಟಿದ ರಚನೆ. ಅದರ ನಡುವೆ ಒಬ್ಬರೇ ನಿಂತು ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವ ದೀರ್ಘ ಭಾಗವಿತ್ತು. ದೊಡ್ಡಣ್ಣ ಅದನ್ನು ಅವಳಿಗೇ ಕೊಟ್ಟಿದ್ದ. ಕಛೇರಿಗೆ ಕೆಲವೇ ದಿನ ಉಳಿದಾಗ ಅವಳನ್ನು ಮೆಟ್ಟಿಲ ಹತ್ತಿರ ಕರೆದ.

“ಬೇಜಾರು ಮಾಡ್ಕೋಬೇಡ. ಆ ಸೋಲೋ ನಾನೇ ನುಡಿಸ್ತೀನಿ.”

“ಯಾಕಣ್ಣಾ?”

“ಮೇಷ್ಟ್ರ ಮನೆ ಅಮ್ಮಾವ್ರು ಫೋನ್ ಮಾಡಿದ್ರು. ನೀನು ಎದ್ದು ನಿಂತು ಅದನ್ನ ನುಡಿಸೋದನ್ನ ಮೇಷ್ಟ್ರು ಕೂತು ನೋಡ್ಬೇಕಾ ಅಂತ...”

“ನಾನು ಬರೋದೇ ಬೇಡ ಅಂತಾನಾ?”

“ಛೆ ಛೆ, ಹಾಗಲ್ಲ. ಸ್ಟೇಜಲ್ಲಿ ಹಿಂದಿನ ಸಾಲಲ್ಲಿ ಕೂತ್ಕೋ. ಆ ಕಂಬದ ಮರೆ ಇದೆಯಲ್ಲ, ಅಲ್ಲಿ” ಎಂದ ದೊಡ್ಡಣ್ಣ. ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖವೇ ಸಪ್ಪಗಾಗಿತ್ತು.

ಮನೆಯಲ್ಲಿ ಗಂಡ ರೇಗಿದ. “ಹೋಗಲೇಬೇಡ ನೀನು. ಹಲ್ಲು ಕೊಳೆಸ್ಕೊಂಡಿದ್ದು ಅವರು, ಶಿಕ್ಷೆ ನಿನಗಾ?”

“ಬೇರೆ ಯಾರಾದ್ರೂ ಕಿತ್ತಿದ್ರೆ ನಾನೂ ಅವರನ್ನ ಬೈತಿದ್ದೆ ಕಣ್ರೀ” ಎಂದಳು.

ಕಛೇರಿಯ ಸಂಜೆ ಸಭಾಂಗಣ ಭರ್ತಿಯಾಗಿತ್ತು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಬೂದು ಬಣ್ಣದ ಕೋಟು ಹೆಗಲಿನಲ್ಲಿ ಸಡಿಲವಾಗಿತ್ತು. ಪಕ್ಕದಲ್ಲಿ ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದ ಹೆಂಡತಿ. ಕಂಬದ ಮರೆಯಿಂದ ಅವಳಿಗೆ ಮೇಷ್ಟ್ರ ಅರ್ಧ ಮುಖ ಕಾಣುತ್ತಿತ್ತು.

ಒಬ್ಬೊಬ್ಬ ಶಿಷ್ಯನೂ ತನ್ನ ಸರದಿ ಬಂದಾಗ ಮೇಷ್ಟ್ರ ಧಾಟಿಯನ್ನೇ ಹಿಡಿದ. ಅದೇ ಜಾರಿಕೆ, ಅದೇ ನಗುವಿನಂಥ ನಡುಕ. ಗುರುತು ಹಿಡಿದ ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ತಮ್ಮ ಅಂಗಿಯನ್ನು ಬೇರೆಯವರ ಮೈಮೇಲೆ ನೋಡುತ್ತಿರುವವರಂತೆ ಕುಳಿತಿದ್ದರು.

ಕೊನೆಯ ರಚನೆ ಶುರುವಾಗುವ ಮುಂಚೆ ದೊಡ್ಡಣ್ಣ ಮೈಕಿನ ಮುಂದೆ ಎರಡು ಮಾತಾಡಿ, ವಾದ್ಯ ಎತ್ತಿಕೊಂಡ. ಆಗ ಮೇಷ್ಟ್ರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

“ನಡುವಿನ ಸೋಲೋ ಯಾರು?”

“ನಾನೇ ಮೇಷ್ಟ್ರೇ.”

“ನೀನು ಬೇಡ. ಅಲ್ಲಿ ಕಂಬದ ಹಿಂದೆ ಬಚ್ಚಿಟ್ಟಿದ್ದೀರಲ್ಲ, ಅವಳು ನುಡಿಸ್ಲಿ.”

ಜನ ಕತ್ತು ಹೊರಳಿಸಿ ಕಂಬದ ಕಡೆ ನೋಡಿದರು. ಆಮೇಲೆ ಚಪ್ಪಾಳೆಯ ಸುರಿಮಳೆ. ಮೇಷ್ಟ್ರು ದೊಡ್ಡ ಮನಸ್ಸು ಮಾಡಿದರೆಂದು ಕೆಲವರು ಕಣ್ಣೊರೆಸಿಕೊಂಡರು. ಅವಳು ವಾದ್ಯ ಹಿಡಿದು ಕಂಬದ ಮರೆಯಿಂದ ಎದ್ದು ಬಂದಳು. ಮುಂದೆ ನಿಂತಾಗ ಕಂಡ ಮೇಷ್ಟ್ರ ಮುಖದಲ್ಲಿ ದೊಡ್ಡ ಮನಸ್ಸಿನ ಸುಳಿವೇನೂ ಇರಲಿಲ್ಲ. ಪಾಠ ಒಪ್ಪಿಸಲು ನಿಲ್ಲಿಸಿದಾಗ ಹೇಗೆ ನೋಡುತ್ತಿದ್ದರೋ ಹಾಗೆ, ಮತ್ತೆ ಕುಳಿತು ನೋಡುತ್ತಿದ್ದರು.

ಉಳಿದ ಏಳು ಟ್ರಾಂಬೋನುಗಳು ಮೆಲ್ಲನೆ ಕೆಳಸ್ವರಗಳ ನೆಲ ಹಾಸಿದವು. ಅವಳು ಊದಿದಳು. ತುಟಿ ಒಣಗಿತ್ತು. ಮೊದಲ ಎತ್ತರದ ಸ್ವರವೇ ಒಡೆಯಿತು. ಹೇಗೋ ಸಾವರಿಸಿಕೊಂಡು ಮುಂದೆ ಹೋದಳು. ಆಗಲೇ ಅವಳ ಕಣ್ಣಿಗೆ ಮೇಷ್ಟ್ರ ಬಲಗೈ ಬಿದ್ದದ್ದು. ಅದು ಅವರ ಮೊಣಕಾಲಿನ ಮೇಲೆ ಹಿಂದೆ ಮುಂದೆ ಜಾರುತ್ತಿತ್ತು. ಅವಳಿಗಿಂತ ಒಂದು ಹೆಜ್ಜೆ ಮುಂಚೆ.

ಅವಳು ಯೋಚಿಸಲಿಲ್ಲ. ಆ ಕೈಯ ಹಿಂದೆ ಹೋದಳು. ಅದು ದೂರ ಚಾಚಿದರೆ ತನ್ನ ಕೊಳವೆಯನ್ನೂ ಚಾಚಿದಳು, ಹತ್ತಿರ ಎಳೆದರೆ ಎಳೆದಳು. ಅವಳಿಗೆ ಯಾವತ್ತೂ ಹೊಳೆಯದ ತಿರುವುಗಳು ಬಂದವು. ಡ್ರಮ್ಮಿನವನು ಬೆಚ್ಚಿ ತಲೆ ಎತ್ತಿದ. ಎರಡು ವರ್ಷದಿಂದ ಸತ್ತುಹೋಗಿದೆ ಎಂದುಕೊಂಡಿದ್ದ ನಾದ ತನ್ನ ವಾದ್ಯದ ಬಾಯಿಂದ ಹೊರಡುವುದನ್ನು ಕೇಳಿ ಅವಳ ಮೈ ಜುಮ್ಮೆಂದಿತು. ಭಯವೂ ಆಯಿತು.

ಸ್ವರಗಳ ಸಾಲು ಏರುತ್ತ ಏರುತ್ತ ತುದಿ ಮುಟ್ಟಬೇಕು ಎನ್ನುವಾಗ ಕೈ ನಿಂತಿತು. ಮೇಷ್ಟ್ರು ಅದನ್ನು ಎಡಗೈಯೊಳಗೆ ಮುಚ್ಚಿಟ್ಟುಕೊಂಡು ತಲೆ ತಗ್ಗಿಸಿದರು.

ಮುಂದೇನು ಎಂದು ಅವಳಿಗೆ ತಿಳಿಯಲಿಲ್ಲ. ಇಡೀ ಸಭೆಯ ಎದುರು ನಡುಸೇತುವೆಯಲ್ಲಿ ನಿಂತಂತಾಗಿತ್ತು. ಇದ್ದ ಸ್ವರವನ್ನೇ ಉಸಿರಿರುವವರೆಗೂ ಹಿಡಿದಳು. ಬಳಿಕ ಒಂದೆರಡು ಸಾದಾ ಸ್ವರ ನುಡಿಸಿ ಹೇಗೋ ದಡ ಸೇರಿದಳು. ಚಪ್ಪಾಳೆ ಬಿತ್ತು, ಆದರೆ ಅದರಲ್ಲಿ ಒಂದು ಅನುಮಾನವಿತ್ತು.

ಕಛೇರಿ ಮುಗಿದಾಗ ಮೇಷ್ಟ್ರು ರಂಗದ ಹಿಂದಿನ ಓಣಿಯಲ್ಲಿ ಡ್ರಮ್ಮಿನ ಪೆಟ್ಟಿಗೆಯ ಮೇಲೆ ಒಬ್ಬರೇ ಕುಳಿತಿದ್ದರು. ಹೆಂಡತಿ ಕಾರು ನೋಡಲು ಹೋಗಿದ್ದರು. ಅವಳು ವಾದ್ಯವನ್ನೂ ಕೆಳಗಿಡದೆ ನೇರ ಅಲ್ಲಿಗೆ ಹೋದಳು.

“ಕೈ ಯಾಕೆ ಹಿಂದಕ್ಕೆ ತಗೊಂಡ್ರಿ ಮೇಷ್ಟ್ರೇ? ಎಲ್ಲರ ಮುಂದೆ ಬೀಳಿಸ್ಬೇಕು ಅಂತಾನಾ?”

ಮೇಷ್ಟ್ರು ತಬ್ಬಿಬ್ಬಾಗಿ ನೋಡಿದರು. “ಬೀಳಿಸೋದಾ?” ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. “ಮುಂದೇನು ಅಂತ ನನಗೇ ಗೊತ್ತಾಗ್ಲಿಲ್ಲ ಕಣಮ್ಮ. ಊದೋದು ಬಿಟ್ಟ ಮೇಲೂ ಒಳಗೆ ಕೇಳಿಸ್ತಿತ್ತು. ಗಡ್ಡ ಹೆರ್ಕೊಳ್ಳುವಾಗ, ಬಸ್ಸಿಗೆ ಕಾಯುವಾಗ, ಯಾವಾಗ ಬೇಕಂದ್ರೆ ಆವಾಗ. ಈಗೀಗ ಅರ್ಧಕ್ಕೇ ನಿಂತುಬಿಡುತ್ತೆ. ಇವತ್ತು ಬಹಳ ದೂರ ಬಂತು. ಬಂತು ಬಂತು ಅನ್ನೋವಷ್ಟರಲ್ಲಿ ಹೋಯ್ತು.”

ಅವಳ ಬಾಯಿಗೆ ಬಂದದ್ದು ಡಾಕ್ಟರ ಮಾತು. “ಆ ಹಲ್ಲು ಉಳೀತಿರಲಿಲ್ಲ ಮೇಷ್ಟ್ರೇ.”

“ಗೊತ್ತು. ಬೇರೆ ಡಾಕ್ಟ್ರನ್ನೂ ಕೇಳ್ದೆ. ನೀನು ಮಾಡಿದ್ದೇ ಸರಿ ಅಂದ.” ಅವರು ಮುಖ ಎತ್ತಿದರು. “ಆದ್ರೆ ಒಂದಾರು ತಿಂಗಳು ತಳ್ಳಬಹುದು ಅಂದಿದ್ಯಲ್ಲ. ಆ ತಿಂಗಳುಗಳು ನನ್ನವಾಗಿದ್ವು. ಇದು ಕೊನೇ ಸಲ ಅಂತ ಗೊತ್ತಿದ್ದು ಒಂದು ದಿನಾನೂ ನುಡಿಸ್ಲಿಲ್ಲ ನಾನು.”

“ನೀವು ಬೇಕು ಅನ್ಲಿಲ್ಲ.”

“ಅನ್ಲಿಲ್ಲ. ನೋವಿತ್ತು, ಹೆದರಿದ್ದೆ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ ಆಯ್ತು, ಮಾಡ್ಕೊಂಡೆ. ಇನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳ್ಲಿ?”

ಕ್ಷಮಿಸಿ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಅದೇ ಬಾಯಿ ಇವತ್ತು ಎದುರಿಗೆ ಬಂದರೂ ಅವಳು ಅದೇ ಸಲಹೆ ಕೊಡುತ್ತಿದ್ದಳು. ವಾದ್ಯ ಹಿಡಿದೇ ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತಳು. ಹೆಂಡತಿ ಬಂದವರು ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತರು.

“ಭಾನುವಾರ ವಾದ್ಯ ತಗೊಂಡು ಮನೆಗೆ ಬಾ” ಎಂದರು ಮೇಷ್ಟ್ರು ಏಳುತ್ತ. “ಉಳಿದಿದ್ದನ್ನ ಹೇಳಿಕೊಡ್ತೀನಿ. ಪ್ರೀತಿಯಿಂದ ಅಂದ್ಕೋಬೇಡ. ನನ್ನ ಕೈ ನೋಡಿ ಅಷ್ಟು ಬೇಗ ಹಿಡಿಯೋರು ಬೇರೆ ಯಾರೂ ಇಲ್ಲ.”

ಅವಳು ಹೋದಳು. ಆಮೇಲಿನ ಭಾನುವಾರಗಳಲ್ಲೂ ಹೋದಳು. ಕೆಲವು ದಿನ ಮೇಷ್ಟ್ರು ಒಡಕು ದನಿಯಲ್ಲಿ ಒಂದಿಷ್ಟು ಗುನುಗುತ್ತಿದ್ದರು, ಅವಳು ಅದನ್ನು ನುಡಿಸುತ್ತಿದ್ದಳು. ಕೆಲವು ದಿನ ಅವರು ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ. ಒಮ್ಮೆ, ಅವರು ನಿಲ್ಲಿಸಿದ ಕಡೆಯಿಂದ ಅವಳೇ ಮುಂದುವರಿಸಿದಾಗ ಪೂರ್ತಿ ಕೇಳಿಸಿಕೊಂಡು, “ಇದು ನನ್ನದಲ್ಲ” ಎಂದು ಎದ್ದು ಒಳಗೆ ಹೋಗಿಬಿಟ್ಟರು.

ಅವಳು ಉಸಿರಿನಿಂದ ವಾದ್ಯದೊಳಗೆ ಕೂಡಿದ್ದ ನೀರು ಬಸಿದು, ಒರೆಸಿ, ಪೆಟ್ಟಿಗೆಗೆ ಹಾಕತೊಡಗಿದಳು. ಇಷ್ಟು ದಿನ ಬಾಗಿಲು ತೆಗೆದು ಸುಮ್ಮನೆ ಸರಿದುಹೋಗುತ್ತಿದ್ದ ಮೇಷ್ಟ್ರ ಹೆಂಡತಿ ಆವತ್ತು ಅಡುಗೆಮನೆಯಿಂದ ಒಂದು ಲೋಟ ಟೀ ತಂದು ಅವಳ ಮುಂದಿಟ್ಟರು.

“ಬರೋ ವಾರ ಸ್ವಲ್ಪ ಬೇಗ ಬಾ” ಎಂದರು. “ಸಂಜೆ ಆಗ್ತಾ ಆಗ್ತಾ ಅವರಿಗೆ ಸುಸ್ತಾಗುತ್ತೆ.”